ಝೇವಿಯರ್ಸೋ, ವಿಲ್ಸನ್ನೋ?

ಮುಂಬೈನ ಮಾಟುಂಗಾದಲ್ಲಿ ನಮ್ಮ ಪಕ್ಕದ ಮನೆ ಹುಡುಗಿಗೆ ಇತಿಹಾಸ ಓದುವ ಆಸೆ. "ಅಕ್ಕಾ, ಯಾವ ಕಾಲೇಜು ಸೇರಲಿ?" ಅಂತ ಕೇಳಿದಳು. ಅವಳ ಮನಸ್ಸಿನಲ್ಲಿದ್ದದ್ದು ಮುಂಬೈನದೇ ಎರಡು ಕಾಲೇಜು, ಸೇಂಟ್ ಝೇವಿಯರ್ಸ್ ಮತ್ತು ವಿಲ್ಸನ್. ಎರಡೂ ಪಾದ್ರಿಗಳು ಕಟ್ಟಿದವೇ, ಆದರೆ ಬೇರು ಬೇರೆ ಬೇರೆ.

ವಿಲ್ಸನ್ ಹಿರಿಯದು. ಸ್ಕಾಟ್ಲೆಂಡಿನ ಮಿಷನರಿ ಜಾನ್ ವಿಲ್ಸನ್ 1832ರಲ್ಲಿ ಶುರು ಮಾಡಿದ ಶಾಲೆಯಿಂದ ಬೆಳೆದದ್ದು. ಮುಂಬೈ ವಿಶ್ವವಿದ್ಯಾಲಯ ಹುಟ್ಟಿದ್ದೇ 1857ರಲ್ಲಿ, ಅಲ್ವಾ! ವಿಲ್ಸನ್ನಿನದು ಪ್ರಾಟೆಸ್ಟೆಂಟ್ ಪರಂಪರೆ. ಆಡಳಿತ ಜಾನ್ ವಿಲ್ಸನ್ ಎಜುಕೇಶನ್ ಸೊಸೈಟಿಯದು. ಚೌಪಾಟಿ ಕಡಲತೀರದ ಎದುರಿಗೇ ಹಳೇ ಕಲ್ಲಿನ ಕಟ್ಟಡ. ರಸ್ತೆ ದಾಟಿದರೆ ಕಾಲಿಗೆ ಮರಳು.

ಝೇವಿಯರ್ಸ್ 1869ರದು, ಕ್ಯಾಥೊಲಿಕರ ಜೆಸ್ವಿಟ್ ಪಂಗಡದ ಪಾದ್ರಿಗಳದ್ದು. 2010ರಲ್ಲಿ ಸ್ವಾಯತ್ತವಾಯಿತು. ಅಂದರೆ ಪಾಠ, ಪರೀಕ್ಷೆ ಕಾಲೇಜೇ ನಿರ್ಧರಿಸುತ್ತದೆ. ಆದರೂ ಅದು ಮುಂಬೈ ವಿಶ್ವವಿದ್ಯಾಲಯದ ಕೆಳಗೇ ಇದೆ. ನನಗೆ ಜಾಸ್ತಿ ಇಷ್ಟವಾಗುವುದು ಅಲ್ಲಿನ ಹೆರಾಸ್ ಸಂಸ್ಥೆ, ಇತಿಹಾಸ ಸಂಶೋಧನೆಯದು. ಸ್ಪೇನಿನಿಂದ ಬಂದ ಫಾದರ್ ಹೆನ್ರಿ ಹೆರಾಸ್ 1926ರಲ್ಲಿ ಕಟ್ಟಿದ್ದು. ಅವರು ನಮ್ಮ ವಿಜಯನಗರದ ಕೊನೆಯ ರಾಜವಂಶವಾದ ಅರವೀಡು ವಂಶದ ಮೇಲೆ ದೊಡ್ಡ ಪುಸ್ತಕವನ್ನೇ ಬರೆದವರು. ಕನ್ನಡದ ಹುಡುಗಿಗೆ ಇದಕ್ಕಿಂತ ಇನ್ನೇನು ಬೇಕು?

ಓಡಾಟಕ್ಕೂ ಝೇವಿಯರ್ಸೇ ಸುಲಭ. ಮಾಟುಂಗಾದಿಂದ ಲೋಕಲ್ ರೈಲಿನಲ್ಲಿ ನೇರ ಸಿಎಸ್‌ಎಂಟಿ ನಿಲ್ದಾಣ, ಆಮೇಲೆ ನಡಿಗೆ. ವಿಲ್ಸನ್ನಿಗಾದರೆ ದಾದರಿನಲ್ಲಿ ಗಾಡಿ ಬದಲಿಸಿ ಚರ್ನಿ ರೋಡಿನಲ್ಲಿ ಇಳಿಯಬೇಕು. ಇತಿಹಾಸಕ್ಕೇ ಅಂತಾದರೆ ಝೇವಿಯರ್ಸ್ ಸೇರು ಅಂದೆ. ಸೀಟು ಸಿಗದಿದ್ದರೆ ವಿಲ್ಸನ್ನಿಗೆ ಕಣ್ಣು ಮುಚ್ಚಿ ಹೋಗಬಹುದು.