ಹಂಚಿಕೆಯ ಆಕ್ಸೆಸ್ ಡೇಟಾಬೇಸ್: ಬಳಕೆದಾರರನ್ನು ಹೊರಕಳಿಸುವ ಬಗೆ

ಮೈಕ್ರೋಸಾಫ್ಟ್ ಆಕ್ಸೆಸ್ ಒಂದೇ ಡೇಟಾಬೇಸನ್ನು ಏಕಕಾಲಕ್ಕೆ 255 ಮಂದಿ ಬಳಸಲು ಅವಕಾಶ ಕೊಡುತ್ತದೆಯಾದರೂ, ಒಳಗಿರುವವರನ್ನು ಹೊರಕಳಿಸುವ ಗುಂಡಿಯನ್ನು ಮಾತ್ರ ಒದಗಿಸಿಲ್ಲ. ಕಡತ ತೆರೆದೊಡನೆ ಪಕ್ಕದಲ್ಲೇ ಹುಟ್ಟುವ ಲಾಕ್ ಫೈಲ್‌ನಲ್ಲಿ ಕಂಪ್ಯೂಟರುಗಳ ಹೆಸರುಗಳು ಕಾಣುತ್ತವೆ. ಆದರೆ ಹೊರಹೋದವರ ಹೆಸರೂ ಅಲ್ಲೇ ಉಳಿದಿರಬಹುದಾದ್ದರಿಂದ ಅದನ್ನೇ ಹಾಜರಿ ಪಟ್ಟಿಯೆಂದು ನಂಬುವಂತಿಲ್ಲ. ಕಡತದ ಗಾತ್ರ ಇಳಿಸಿ ದೋಷ ಸರಿಪಡಿಸುವ ಕಾಂಪ್ಯಾಕ್ಟ್ ಅಂಡ್ ರಿಪೇರ್ ನಡೆಸಲು ಎಲ್ಲರೂ ಹೊರಬಂದಿರಲೇಬೇಕು.

ನಾನು ಮನಸಾರೆ ಮೆಚ್ಚಿದ ದಾರಿಯೆಂದರೆ, ಪ್ರತಿಯೊಬ್ಬರೂ ತಮ್ಮ ಕಂಪ್ಯೂಟರಿನಲ್ಲಿ ತೆರೆದು ಕೆಲಸ ಮಾಡುವ ಕಡತವಾದ ಫ್ರಂಟ್ ಎಂಡ್‌ನಲ್ಲಿ ಕಣ್ಣಿಗೆ ಕಾಣದಂತೆ ತೆರೆದಿರುವ ಫಾರ್ಮ್ ಒಂದು ಟೈಮರ್ ಮೂಲಕ ನಿಮಿಷಕ್ಕೊಮ್ಮೆ ಹಂಚಿಕೆಯ ಡೇಟಾಬೇಸಿನ ಟೇಬಲ್ಲಿನಲ್ಲಿರುವ ಸೂಚನೆಯನ್ನು ಓದಿ, ಮೊದಲು ಎಚ್ಚರಿಕೆ ತೋರಿಸಿ, ಬಳಿಕ ಆಕ್ಸೆಸ್ ಅನ್ನು ತಾನೇ ಮುಚ್ಚುವ ವ್ಯವಸ್ಥೆ. ಅರ್ಧ ತುಂಬಿದ ದಾಖಲೆಯನ್ನು ಉಳಿಸಿಕೊಳ್ಳಲು ಐದು ನಿಮಿಷವಾದರೂ ಕೊಡುವುದು ನ್ಯಾಯ. ಟಾಸ್ಕ್ ಮ್ಯಾನೇಜರ್‌ನಿಂದ ಬಲವಂತವಾಗಿ ನಿಲ್ಲಿಸಿದರೆ ಕಡತವೇ ಕೆಡುವ ಅಪಾಯವಿದೆ.