ಶಾಲೆಯ ನಾಗರಿಕ ಪಾಡ್‌ಕಾಸ್ಟಿಗೆ ಆಡಾಸಿಟಿ: ಎಲ್ಲಿ ಒಗ್ಗುತ್ತದೆ, ಎಲ್ಲಿ ಕೈಕೊಡುತ್ತದೆ

ಕುಡಿಯುವ ನೀರು, ಕಸ ವಿಲೇವಾರಿ, ಶಾಲೆಯ ಮುಂದೆ ರಸ್ತೆ ದಾಟುವ ಜಾಗ: ಇಂಥ ವಿಷಯ ಹಿಡಿದು ಮಕ್ಕಳು ನಿವಾಸಿಗಳನ್ನೂ ಅಧಿಕಾರಿಗಳನ್ನೂ ಮಾತಾಡಿಸುವಾಗ ದೊಡ್ಡ ಪಾಠ ನಡೆಯುವುದು ಎಡಿಟಿಂಗ್‌ನಲ್ಲಿ. ಮೂವತ್ತು ನಿಮಿಷದ ಮಾತಿನಲ್ಲಿ ಯಾವ ಎಂಟು ನಿಮಿಷ ಉಳಿಯಬೇಕು, ಹಾಗೆ ಉಳಿಸಿದರೆ ಮಾತಾಡಿದವರಿಗೆ ಅನ್ಯಾಯವಾಗುತ್ತದೆಯೇ ಎಂದು ಅವರು ವಾದಿಸಿ ತೀರ್ಮಾನಿಸುವುದು ಅಲ್ಲೇ. ಈ ಕೆಲಸಕ್ಕೆ ಆಡಾಸಿಟಿ ಚೆನ್ನಾಗಿ ಒಗ್ಗುತ್ತದೆ. 2000ದಲ್ಲಿ ಹೊರಬಂದ ಧ್ವನಿ ಮುದ್ರಿಸಿ ಎಡಿಟ್ ಮಾಡುವ ಈ ಉಚಿತ, ಮುಕ್ತ ತಂತ್ರಾಂಶ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಮೊಬೈಲಿಗೆ ಇಲ್ಲ.

ಇದರಲ್ಲಿ ಶಾಲೆಗಳು ಕಡೆಗಣಿಸುವ, ಆದರೆ ಅತ್ಯಂತ ಉಪಯುಕ್ತವಾದ ಸೌಲಭ್ಯ ಲೇಬಲ್ ಟ್ರ್ಯಾಕ್. ಆಡಿಯೊ ಓಡುತ್ತಿರುವಾಗಲೇ ಕಂಟ್ರೋಲ್ ಜೊತೆ ಎಂ ಒತ್ತಿದರೆ (ಮ್ಯಾಕ್‌ನಲ್ಲಿ ಕೀಲಿ ಬೇರೆ) ಆ ಕ್ಷಣಕ್ಕೆ ಗುರುತು ಬೀಳುತ್ತದೆ. ‘ಈ ಅಂಕಿಗೆ ದಾಖಲೆ ಬೇಕು’, ‘ಇದು ಅಭಿಪ್ರಾಯ’, ‘ಇನ್ನೊಂದು ಕಡೆಯವರನ್ನೂ ಕೇಳಬೇಕು’ ಎಂದು ಮಕ್ಕಳು ಅಲ್ಲೇ ಬರೆದಿಡಬಹುದು. ಲೇಬಲ್‌ಗಳನ್ನಷ್ಟೇ ಸೆಕೆಂಡುಗಳ ಸಮೇತ ಪಠ್ಯ ಕಡತವಾಗಿ ರಫ್ತು ಮಾಡಿದರೆ ಪರಿಶೀಲನೆಯ ಪಟ್ಟಿ ಸಿದ್ಧ. ಒಂದು ಗುಂಪು ಎಡಿಟ್ ಮಾಡಲಿ, ಇನ್ನೊಂದು ಗುಂಪು ಆ ಪಟ್ಟಿ ಹಿಡಿದು ಮೂಲ ಧ್ವನಿಮುದ್ರಣವನ್ನು ಕೇಳಲಿ. ‘ಆದರೆ’ ಎಂಬಲ್ಲಿ ಕತ್ತರಿ ಬಿದ್ದು ಅರ್ಥ ತಿರುಗಿದ್ದು ಹೀಗೆ ಬೇಗ ಸಿಕ್ಕಿಬೀಳುತ್ತದೆ. ಮೂಲವನ್ನು ಅಳಿಸಬಾರದು; ಸಂದರ್ಶನಕ್ಕೆ ಬಾಯಿಮಾತಿನ ಒಪ್ಪಿಗೆಯೂ ಅದರ ಆರಂಭದಲ್ಲೇ ಇರಬೇಕು.

ಧ್ವನಿ ಹಾಳಾಗುವುದು ಸಾಮಾನ್ಯವಾಗಿ ಮುದ್ರಣದ ಹೊತ್ತಿನಲ್ಲಿ. ಮೈಕು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿರಲಿ. ಧ್ವನಿಯ ಮಟ್ಟ ತೋರಿಸುವ ಮೀಟರ್‌ನ ಏರು ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ಇರಲಿ. ಸೊನ್ನೆ ಮುಟ್ಟಿ ಒಡೆದ ಧ್ವನಿಯನ್ನು ಆಮೇಲೆ ಸರಿಪಡಿಸುವುದು ಕಷ್ಟ. ಮಾತು ಶುರುವಾಗುವ ಮೊದಲು 5 ಸೆಕೆಂಡ್ ಎಲ್ಲರೂ ಸುಮ್ಮನಿರಬೇಕು. ಫ್ಯಾನಿನ ಸದ್ದು ಮಾತ್ರ ಇರುವ ಆ ತುಣುಕನ್ನು ಆಯ್ದು ‘ನಾಯ್ಸ್ ರಿಡಕ್ಷನ್’ನಲ್ಲಿ ಪ್ರೊಫೈಲ್ (ಆ ಸದ್ದಿನ ಮಾದರಿ) ಪಡೆದು, ನಂತರ ಇಡೀ ಟ್ರ್ಯಾಕಿಗೆ ಅನ್ವಯಿಸಬೇಕು. ಸದ್ದು ತಗ್ಗಿಸುವ ಪ್ರಮಾಣವನ್ನು 12 ಡೆಸಿಬಲ್ ದಾಟಿಸಬೇಡಿ, ಮಾತು ನೀರೊಳಗಿಂದ ಬಂದಂತೆ ಕೇಳಿಸತೊಡಗುತ್ತದೆ. ಸದ್ದು ಏರಿಳಿಯುವ ವಾಹನ, ಆಟದ ಮೈದಾನದ ಗದ್ದಲಕ್ಕೆ ಈ ಉಪಾಯ ನಡೆಯದು. ಅಲ್ಲಿ ಕೋಣೆ ಬದಲಿಸುವುದೇ ದಾರಿ.

ಕೊನೆಗೆ ‘ಲೌಡ್‌ನೆಸ್ ನಾರ್ಮಲೈಸೇಷನ್’, ಅಂದರೆ ಇಡೀ ಸಂಚಿಕೆಯ ಜೋರನ್ನು ಒಂದು ಮಟ್ಟಕ್ಕೆ ತರುವುದು. ಮೊದಲೇ ಇರುವ ಮೈನಸ್ 23 ಲಫ್ಸ್ (ಕೇಳಿಸುವ ಜೋರಿನ ಅಳತೆ) ಫೋನಿನಲ್ಲಿ ಕೇಳುವವರಿಗೆ ತೀರಾ ಮೆಲ್ಲಗಾಗುತ್ತದೆ, ಮೈನಸ್ 16 ಹಾಕಿ. ಮೋನೊ (ಒಂದೇ ಚಾನೆಲ್), 64 ಕೆಬಿಪಿಎಸ್ ಎಂಪಿ3 ಆಗಿ ರಫ್ತು ಮಾಡಿದರೆ 8 ನಿಮಿಷದ ಸಂಚಿಕೆ 4 ಎಂಬಿಯೊಳಗೆ ಮುಗಿಯುತ್ತದೆ. ಮಾತಿಗೆ ಅಷ್ಟು ಸಾಕು.

ತೊಡಕುಗಳೂ ಇವೆ. ಫೋನಿನ ಎಂ4ಎ ಧ್ವನಿ ಕಡತ ವಿಂಡೋಸ್‌ನಲ್ಲಿ ತೆರೆಯಲು ಎಫ್‌ಎಫ್‌ಎಂಪೆಗ್ ಎಂಬ ಪೂರಕ ತಂತ್ರಾಂಶ ಬೇರೆಯಾಗಿ ಅಳವಡಿಸಬೇಕು. ಪ್ರಯೋಗಾಲಯದ ಕಂಪ್ಯೂಟರಿನಲ್ಲಿ ಅದಕ್ಕೆ ಅನುಮತಿ ಇಲ್ಲದಿದ್ದರೆ ಮುದ್ರಿಸುವಾಗ ಫೋನಿನಲ್ಲೇ ಡಬ್ಲ್ಯುಎವಿ ಎಂಬ ಕಡತ ರೂಪ ಆಯ್ಕೆ ಮಾಡಿಕೊಳ್ಳಿ. ಒಂದೇ ಪ್ರಾಜೆಕ್ಟನ್ನು ಇಬ್ಬರು ಏಕಕಾಲಕ್ಕೆ ತಿದ್ದಲಾಗದು, ಐದು ಮಕ್ಕಳ ಗುಂಪಿಗೆ ಇದು ದೊಡ್ಡ ಕೊರತೆ. ಜೊತೆಗೆ, 30 ನಿಮಿಷದ ಮೋನೊ ಮುದ್ರಣವೇ ಪ್ರಾಜೆಕ್ಟಿನಲ್ಲಿ ಸುಮಾರು 320 ಎಂಬಿ ತಿನ್ನುತ್ತದೆ. ಪೆನ್‌ಡ್ರೈವಿನಿಂದ ನೇರ ತೆರೆದು ಕೆಲಸ ಮಾಡಿ, ಉಳಿಸುವ ಮೊದಲೇ ಕಿತ್ತರೆ ಪ್ರಾಜೆಕ್ಟ್ ಕೆಡಬಹುದು. ಹಾರ್ಡ್ ಡಿಸ್ಕಿಗೆ ನಕಲಿಸಿಕೊಂಡೇ ತೆರೆಯಿರಿ.