ಬೂಟ್ ಆದಾಗ ತಪ್ಪು ಟೈಮ್: ಮೂರು ದಾರಿ ಹಾಕಿ ನೋಡಿದೆ

ಕರೆಂಟ್ ಹೋಗಿ ಬಂದ ಮೇಲೆ ಲಾಗ್ ತೆರೆದು ನೋಡಿದೆ. 3:10ರ ಸಾಲಿನ ಕೆಳಗೆ 2:17ರ ಸಾಲು ಕೂತಿತ್ತು. ಆಮೇಲೆ 2:18, 2:19. ಇನ್ನೆರಡು ಸಾಲು ಆದ ಮೇಲೆ ಒಂದೇ ಸಲಕ್ಕೆ 9:40. ತಾಪಮಾನ ಬರೆದಿಡುವ ಪುಟ್ಟ ಲಿನಕ್ಸ್ ಬೋರ್ಡ್ ಅದು. ಬ್ಯಾಟರಿ ಇರುವ ಗಡಿಯಾರ, ಅಂದರೆ ಆರ್‌ಟಿಸಿ, ಅದರಲ್ಲಿ ಇಲ್ಲ. ಹಾಗಾಗಿ ಕರೆಂಟ್ ಹೋದರೆ ಟೈಮ್ ಮರೆತುಬಿಡುತ್ತದೆ.

ಆಗ ಅದರಲ್ಲಿ ಇದ್ದದ್ದು ಮೊದಲ ದಾರಿ, ಫೇಕ್-ಎಚ್‌ಡಬ್ಲ್ಯೂಕ್ಲಾಕ್ ಅನ್ನುವ ಪ್ರೋಗ್ರಾಮ್. ಇದು ಗಂಟೆಗೊಮ್ಮೆ ಟೈಮನ್ನು ಫೈಲಿಗೆ ಬರೆದಿಟ್ಟು, ಬೂಟ್ ಆದಾಗ ಅದನ್ನೇ ಓದುತ್ತದೆ. ಬರೆಯುವ ಕ್ರಾನ್ (ನಿಗದಿತ ಹೊತ್ತಿಗೆ ತಾನಾಗಿ ಓಡುವ ಕೆಲಸ) ನನ್ನ ಬೋರ್ಡಿನಲ್ಲಿ ಪ್ರತಿ ಗಂಟೆಯ 17ನೇ ನಿಮಿಷಕ್ಕೆ ಓಡುತ್ತದೆ. 2:17 ಎಲ್ಲಿಂದ ಬಂತು ಅಂತ ಗೊತ್ತಾಯ್ತಲ್ವಾ? ಸರಿಯಾಗಿ ಶಟ್‌ಡೌನ್ ಮಾಡಿದರೆ ಇಷ್ಟು ಹಿಂದೆ ಹೋಗುವುದಿಲ್ಲ. ಆದರೂ ಆಫ್ ಆಗಿದ್ದ ಹೊತ್ತು ಲೆಕ್ಕಕ್ಕೇ ಬರುವುದಿಲ್ಲ. ಲಿನಕ್ಸ್ ಟೈಮ್ ಎಣಿಕೆ ಶುರುಮಾಡುವ 1970ಕ್ಕೆ ಬೀಳದಂತೆ ಕಾಯುತ್ತದೆ, ಅಷ್ಟೇ.

ಎರಡನೆಯದು ನೆಟ್‌ವರ್ಕ್ ಟೈಮ್, ಅಂದರೆ ನೆಟ್‌ನಲ್ಲಿರುವ ಟೈಮ್ ಸರ್ವರನ್ನು ಕೇಳಿ ಗಡಿಯಾರ ಸರಿಮಾಡುವುದು (ಸಿಂಕ್). ಸಿಸ್ಟಮ್‌ಡಿ-ಟೈಮ್‌ಸಿಂಕ್‌ಡಿ ಅನ್ನುವ ಪ್ರೋಗ್ರಾಮ್ ಸುಮ್ನೆ ಹಾಕಿಬಿಟ್ಟರೆ ಸಾಕು, ಬಹಳ ಜನಕ್ಕೆ ಇದೇ ಹೊಂದುತ್ತದೆ. ಕೊನೆಯ ಟೈಮನ್ನು ಇದೂ ನೆನಪಿಡುತ್ತದೆ, ಹಾಗಾಗಿ ಫೇಕ್ ಗಡಿಯಾರ ಬೇರೆ ಬೇಕಿಲ್ಲ. ಇದೇ ಕೆಲಸ ಮಾಡುವ ಕ್ರೋನಿಯನ್ನೂ ಹಾಕಿ ನೋಡಿದೆ. ಅದರ ಸೆಟ್ಟಿಂಗ್ ಫೈಲಿನಲ್ಲಿ ಮೇಕ್‌ಸ್ಟೆಪ್ 1 3 ಅನ್ನುವ ಸಾಲು ಇರಲೇಬೇಕು. ಆಗ ಮೊದಲ ಮೂರು ಅಪ್‌ಡೇಟ್‌ಗಳಲ್ಲಿ ಒಂದು ಸೆಕೆಂಡಿಗಿಂತ ಜಾಸ್ತಿ ವ್ಯತ್ಯಾಸ ಕಂಡರೆ ಟೈಮನ್ನು ಒಮ್ಮೆಲೇ ಸರಿಪಡಿಸುತ್ತದೆ. ಇಲ್ಲದಿದ್ದರೆ ನಿಧಾನವಾಗಿ ಎಳೆಯುತ್ತಾ ಕೂರುತ್ತದೆ.

ತೊಡಕು ಇರುವುದು ಸಿಂಕ್ ಆಗುವ ಮುಂಚಿನ ಹೊತ್ತಿನಲ್ಲಿ. ಟೈಮ್ ತೀರಾ ಹಿಂದೆ ಇದ್ದರೆ ಸರ್ಟಿಫಿಕೇಟ್ ಇನ್ನೂ ಜಾರಿಗೇ ಬಂದಿಲ್ಲ ಅಂತ ಎಚ್‌ಟಿಟಿಪಿಎಸ್ ಕೈಕೊಡುತ್ತದೆ. ಡಿಎನ್‌ಎಸ್‌ಸೆಕ್ (ಸರ್ವರಿನ ಹೆಸರಿಗೆ ಸಿಕ್ಕ ಉತ್ತರ ಅಸಲಿಯೇ ಅಂತ ಪರೀಕ್ಷಿಸುವ ವ್ಯವಸ್ಥೆ) ಆನ್ ಇದ್ದರೆ ಇನ್ನೂ ಕಷ್ಟ: ಟೈಮ್ ಸರ್ವರಿನ ಹೆಸರು ಹುಡುಕಲು ಸರಿಯಾದ ಟೈಮ್ ಬೇಕು, ಟೈಮ್ ಬೇಕೆಂದರೆ ಆ ಹೆಸರು ಸಿಗಬೇಕು! ಒಂದು ಸರ್ವರಿಗಾದರೂ ಐಪಿ ವಿಳಾಸವನ್ನೇ ಕೊಟ್ಟುಬಿಡಿ. ಲಾಗ್ ಬರೆಯುವ ಸರ್ವಿಸ್ ಟೈಮ್-ಸಿಂಕ್ ಟಾರ್ಗೆಟ್ (ಟೈಮ್ ಸರಿಯಾಯಿತು ಅನ್ನುವ ಬೂಟ್ ಹಂತ) ಆದ ಮೇಲೇ ಶುರುವಾಗಲಿ. ಸಿಸ್ಟಮ್‌ಡಿ-ಟೈಮ್-ವೇಟ್-ಸಿಂಕ್ ಎನೇಬಲ್ ಮಾಡುವುದನ್ನು ಮರೆಯಬೇಡಿ, ಕಾಯಿಸುವುದು ಅದೇ. ನಾನು ಮರೆತಿದ್ದೆ, ಸರ್ವಿಸ್ ಯಾರಿಗೂ ಕಾಯದೆ ಓಡಿಬಿಟ್ಟಿತು. ಆದರೆ ನೆಟ್ ಬರುವ ತನಕ ಒಂದು ರೀಡಿಂಗೂ ಇರುವುದಿಲ್ಲ, ಅದನ್ನು ಒಪ್ಪಿಕೊಳ್ಳಬೇಕು.

ನನಗೆ ಅದು ಒಪ್ಪಿಗೆಯಾಗಲಿಲ್ಲ. ಕೊನೆಗೆ ಮೂರನೆಯ ದಾರಿ ಹಿಡಿದು ಡಿಎಸ್3231 ಅನ್ನುವ ಆರ್‌ಟಿಸಿ ಮಾಡ್ಯೂಲ್ ಹಾಕಿದೆ. ನಾಲ್ಕು ವೈರು, ಓವರ್‌ಲೇಗೆ (ಹೊಸ ಚಿಪ್ ಇದೆ ಅಂತ ಲಿನಕ್ಸಿಗೆ ತಿಳಿಸುವ ಸೆಟ್ಟಿಂಗ್) ಒಂದು ಸಾಲು, ಐ2ಸಿ (ಚಿಪ್‌ಗಳನ್ನು ಜೋಡಿಸುವ ತಂತಿ ಸಂಪರ್ಕ) ವಿಳಾಸ 0x68ರಲ್ಲಿ ಕಾಣಿಸಿಕೊಂಡಿತು. ಸಾಮಾನ್ಯ ತಾಪಮಾನದಲ್ಲಿ ಇದರ ತಪ್ಪು 2 ಪಿಪಿಎಮ್ (ಹತ್ತು ಲಕ್ಷದಲ್ಲಿ ಎರಡು ಪಾಲು) ಒಳಗೆ, ಅಂದರೆ ವರ್ಷಕ್ಕೆ ಹೆಚ್ಚೆಂದರೆ ಒಂದು ನಿಮಿಷದಷ್ಟು. ಫೇಕ್-ಎಚ್‌ಡಬ್ಲ್ಯೂಕ್ಲಾಕ್ ತೆಗೆದುಹಾಕಿ, ನೆಟ್ ಇದ್ದಾಗ ಎಚ್‌ಡಬ್ಲ್ಯೂಕ್ಲಾಕ್ -ಡಬ್ಲ್ಯೂ ಒಮ್ಮೆ ಓಡಿಸಿ ಸರಿಯಾದ ಟೈಮನ್ನು ಮಾಡ್ಯೂಲಿಗೆ ಬರೆದೆ. ಟೈಮ್‌ಸಿಂಕ್‌ಡಿಯನ್ನು ಹಾಗೇ ಉಳಿಸಿಕೊಂಡಿದ್ದೇನೆ. ಡೇಟಾ ಬರೆದಿಡುವವರಿಗೆ ನಾನು ಹೇಳುವುದು ಈ ಜೋಡಿಯನ್ನೇ.

ಮಾಡ್ಯೂಲ್ ಕೊಳ್ಳುವಾಗ ಒಂದು ವಿಷಯ ಗಮನಿಸಿ. ಕೆಲವು ಬೋರ್ಡುಗಳಲ್ಲಿ ಸೆಲ್ಲಿಗೆ ಚಾರ್ಜ್ ಮಾಡುವ ಸರ್ಕ್ಯೂಟ್ ಇರುತ್ತದೆ. ಆದರೆ ನಾನು ಹಾಕಿದ ಸಿಆರ್2032 ಚಾರ್ಜ್ ಆಗುವ ಸೆಲ್ ಅಲ್ಲ. ನಾನು ಆ ದಾರಿಯ ರೆಸಿಸ್ಟರ್ ಕಿತ್ತ ಮೇಲೆಯೇ ಸೆಲ್ ಕೂರಿಸಿದ್ದು.